ಮೊದಲ ವರ್ಷ ವಾರ್ಡಿಗೆ ಹೋಗಿದ್ದು ಅಮೆರಿಕದ ರೆಸಿಡೆನ್ಸಿ ಅರ್ಜಿಯಲ್ಲಿ ಎಷ್ಟು ಲೆಕ್ಕಕ್ಕೆ ಬರುತ್ತದೆ?

ಆಗಸ್ಟ್ ಕೊನೆಯ ಒಂದು ಭಾನುವಾರ ದಾವಣಗೆರೆಯಿಂದ ಅಕ್ಕನ ಮಗಳ ವಿಡಿಯೋ ಕಾಲ್ ಬಂತು. ಎಂಬಿಬಿಎಸ್ 2019ರ ಬ್ಯಾಚು. ಇಂಟರ್ನ್‌ಶಿಪ್ ಮುಗಿದಿದೆ, ಅಮೆರಿಕದ ಫ್ಯಾಮಿಲಿ ಮೆಡಿಸಿನ್ ರೆಸಿಡೆನ್ಸಿಗೆ, ಅಂದರೆ ನಮ್ಮ ಪಿಜಿಯಂಥ ತರಬೇತಿಗೆ, ಅರ್ಜಿ ಹಾಕುವ ತಯಾರಿಯಲ್ಲಿದ್ದಾಳೆ. ಕೈಯಲ್ಲಿ ವಾರ್ಡ್ ಭೇಟಿಗಳನ್ನು ಬರೆದಿಟ್ಟ ಫಸ್ಟ್ ಇಯರ್‌ನ ಲಾಗ್‌ಬುಕ್ ಇತ್ತು, ಬೈಂಡ್ ಕಿತ್ತು ಹೋಗಿತ್ತು.

"ಚಿಕ್ಕಮ್ಮ, ಇದನ್ನೆಲ್ಲ ಹಾಕಬಹುದಾ? ಇದಕ್ಕೆ ಪಾಯಿಂಟ್ಸ್ ಇದೆಯಾ?"

ಪ್ರತಿ ವರ್ಷ ಈ ಹೊತ್ತಿಗೆ ಇದೇ ಪ್ರಶ್ನೆ ನನಗೆ ಹತ್ತಾರು ಸಲ ಬರುತ್ತದೆ. ನಾನು ಅಮೆರಿಕದಲ್ಲೇ ರೆಸಿಡೆನ್ಸಿ ಮುಗಿಸಿ, ಈಗ ಅಲ್ಲಿಯ ಒಂದು ಟೀಚಿಂಗ್ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಸೆಪ್ಟೆಂಬರ್ ಆದ ಮೇಲೆ ಅರ್ಜಿ ಓದುವ ತಂಡದಲ್ಲಿ ಕೂರುತ್ತೇನೆ. ಹಾಗಾಗಿ ನೇರವಾಗಿ ಹೇಳಿಬಿಡುತ್ತೇನೆ. ಪಾಯಿಂಟ್ಸ್ ಇಲ್ಲ. ಮೊದಲ ವರ್ಷ ವಾರ್ಡ್ ನೋಡಿದ್ದಕ್ಕೆ, ಕ್ಯಾಂಪಿನಲ್ಲಿ ಬಿಪಿ ಚೆಕ್ ಮಾಡಿದ್ದಕ್ಕೆ, ಡಾಕ್ಟರ ಹಿಂದೆ ನಿಂತು ನೋಡಿದ್ದಕ್ಕೆ ಯಾರೂ ಅಂಕ ಕೊಡುವುದಿಲ್ಲ. ಆದರೆ ಅದೇ ಅನುಭವದಿಂದ ಮುಂದೆ ಏನಾದರೂ ಹುಟ್ಟಿದ್ದರೆ, ಒಂದು ಕೆಲಸವೋ, ತಲೆಯಿಂದ ಹೋಗದ ಒಂದು ಪ್ರಶ್ನೆಯೋ, ನಿಮ್ಮನ್ನು ಹತ್ತಿರದಿಂದ ನೋಡಿದ ಒಬ್ಬ ಮೇಷ್ಟ್ರೋ, ಆಗ ಅದಕ್ಕೆ ನಿಜವಾದ ಬೆಲೆ ಬರುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಮಕ್ಕಳು ಸರ್ಟಿಫಿಕೇಟ್ ಕೂಡಿಡುವುದರಲ್ಲೇ ವರ್ಷಗಳನ್ನು ಕಳೆಯುತ್ತಾರೆ, ಮನೆಯವರು ಲಕ್ಷಗಟ್ಟಲೆ ಸುರಿಯುತ್ತಾರೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಅರ್ಜಿಯ ಕಥೆ. ಅಮೆರಿಕದಲ್ಲಿ ಪಿಜಿ ಸೀಟಿಗೆ ನಮ್ಮಲ್ಲಿಯ ಹಾಗೆ ರ‍್ಯಾಂಕ್ ಪಟ್ಟಿ, ಕೌನ್ಸೆಲಿಂಗ್ ಇಲ್ಲ. ಬಹುತೇಕ ವಿಭಾಗಗಳಿಗೆ ಇರಾಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಹಾಕಬೇಕು. ಆಸ್ಪತ್ರೆಗಳು ಅದನ್ನು ಓದಿ ಇಂಟರ್‌ವ್ಯೂಗೆ ಕರೆಯುತ್ತವೆ. ಕೊನೆಗೆ ಅಭ್ಯರ್ಥಿಗಳು ತಮಗೆ ಬೇಕಾದ ಆಸ್ಪತ್ರೆಗಳ ಪಟ್ಟಿ ಕೊಡುತ್ತಾರೆ, ಆಸ್ಪತ್ರೆಗಳು ತಮಗೆ ಬೇಕಾದ ಅಭ್ಯರ್ಥಿಗಳ ಪಟ್ಟಿ ಕೊಡುತ್ತವೆ, ಕಂಪ್ಯೂಟರ್ ಎರಡನ್ನೂ ಹೊಂದಿಸುತ್ತದೆ. ಇದೇ ಮ್ಯಾಚ್. 1952ರಿಂದ ನಡೆಯುತ್ತಿದೆ. ಈ ಲೆಕ್ಕಾಚಾರವನ್ನು 1990ರ ದಶಕದಲ್ಲಿ ತಿದ್ದಿ ಕಟ್ಟಿದ ಆಲ್ವಿನ್ ರಾತ್ ಅವರಿಗೆ, ಇಂಥ ಹೊಂದಾಣಿಕೆಯ ಗಣಿತ ಕೊಟ್ಟ ಲಾಯ್ಡ್ ಶಾಪ್ಲಿ ಅವರ ಜೊತೆ, 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. 2025ರ ಮ್ಯಾಚ್‌ನಲ್ಲಿ 43 ಸಾವಿರಕ್ಕೂ ಜಾಸ್ತಿ ಸೀಟುಗಳಿದ್ದವು. ಅಲ್ಲಿಯದೇ ಎಂಡಿ ಕಾಲೇಜುಗಳ (ಅಲ್ಲಿ ಎಂಡಿ ಅಂದರೆ ನಮ್ಮ ಎಂಬಿಬಿಎಸ್ ಇದ್ದ ಹಾಗೆ) ಕೊನೆಯ ವರ್ಷದವರಲ್ಲಿ ಶೇ 93ಕ್ಕೂ ಹೆಚ್ಚು ಮಂದಿಗೆ ಸೀಟು ಸಿಕ್ಕಿತು. ಹೊರದೇಶದಲ್ಲಿ ಓದಿದ, ಅಮೆರಿಕದ ಪೌರರಲ್ಲದವರಿಗೆ ಶೇ 58ರಷ್ಟು. ನಮ್ಮ ಮಕ್ಕಳು ಇರುವುದು ಈ ಎರಡನೇ ಗುಂಪಿನಲ್ಲಿ.

ಮೊದಲೆಲ್ಲ ಯುಎಸ್‌ಎಂಎಲ್‌ಇ, ಅಂದರೆ ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆ, ಅದರ ಮೊದಲ ಹಂತವಾದ ಸ್ಟೆಪ್ 1ರ ಅಂಕವೇ ಜರಡಿ. ಇಷ್ಟು ಬಂದರೆ ಒಳಗೆ, ಇಲ್ಲದಿದ್ದರೆ ಹೊರಗೆ. 2022ರ ಜನವರಿಯಿಂದ ಅದು ಬರೀ ಪಾಸ್ ಅಥವಾ ಫೇಲ್. ಈಗ ಉಳಿದಿರುವ ದೊಡ್ಡ ಅಂಕ ಎರಡನೇ ಹಂತದ ಪರೀಕ್ಷೆ ಸ್ಟೆಪ್ 2 ಸಿಕೆಯದು ಒಂದೇ. ಹಾಗಾಗಿ ಅರ್ಜಿಯ ಉಳಿದ ಭಾಗಗಳ ಮೇಲೆ, ಅಂದರೆ ಅನುಭವ, ಶಿಫಾರಸು ಪತ್ರ, ಸ್ವಂತ ಬರಹ ಇವುಗಳ ಮೇಲೆ, ಭಾರ ಜಾಸ್ತಿಯಾಯಿತು.

ಆಮೇಲೆ 2023ರಲ್ಲಿ ಅರ್ಜಿಯ ನಮೂನೆಯೇ ಬದಲಾಯಿತು. ಅದಕ್ಕೆ ಮುಂಚೆ ಅನುಭವಗಳ ಪಟ್ಟಿಗೆ ಮಿತಿಯೇ ಇರಲಿಲ್ಲ, ಇಪ್ಪತ್ತು ಮೂವತ್ತು ತುಂಬಿಸಿದವರೂ ಇದ್ದರು. ಈಗ ಹೆಚ್ಚೆಂದರೆ ಹತ್ತು. ಒಂದೊಂದಕ್ಕೂ 750 ಅಕ್ಷರ, ಖಾಲಿ ಜಾಗವೂ ಸೇರಿ. ಹತ್ತರಲ್ಲಿ ಮೂರನ್ನು ನಿಮಗೆ ಅತಿ ಮುಖ್ಯವಾದವು ಎಂದು ಗುರುತಿಸಬಹುದು, ಅವುಗಳಿಗೆ ಇನ್ನೂ 300 ಅಕ್ಷರ ಸಿಗುತ್ತದೆ. ಈ ಸಣ್ಣ ಬದಲಾವಣೆ ಹಳೆಯ ಅನುಭವಗಳ ಬೆಲೆಯನ್ನೇ ತಿರುಗಿಸಿಬಿಟ್ಟಿತು. ಮೊದಲು ಮೊದಲ ವರ್ಷದ ಕ್ಯಾಂಪ್ ಅನ್ನು ಸುಮ್ನೆ ಒಂದು ಸಾಲು ಅಂತ ಸೇರಿಸಿದರೆ ನಷ್ಟವೇನೂ ಇರಲಿಲ್ಲ. ಈಗ ಅದನ್ನು ಸೇರಿಸಬೇಕು ಅಂದರೆ ಬೇರೆ ಯಾವುದನ್ನೋ ತೆಗೆಯಬೇಕು.

ಅಮೆರಿಕದ ವಿದ್ಯಾರ್ಥಿಗಳಿಗೂ ಈ ಗೊಂದಲ ಇದ್ದೇ ಇದೆ. ಅಲ್ಲಿ ಮೆಡಿಕಲ್ ಕಾಲೇಜಿಗೆ ಸೇರುವ ಮುಂಚೆಯೇ ನಾಲ್ಕು ವರ್ಷದ ಡಿಗ್ರಿ ಆಗಿರಬೇಕು. ಆ ದಿನಗಳಲ್ಲೇ ಕೆಲವರು ಆಂಬ್ಯುಲೆನ್ಸ್‌ನಲ್ಲಿ ಕೆಲಸ ಮಾಡಿರುತ್ತಾರೆ. ಇನ್ನು ಕೆಲವರು ಡಾಕ್ಟರ್ ಪಕ್ಕ ಕೂತು ಕೇಸ್ ಟೈಪ್ ಮಾಡುವ ಸ್ಕ್ರೈಬ್ ಆಗಿರುತ್ತಾರೆ. ಡಾಕ್ಟರ ಹಿಂದೆ ಹಿಂದೆ ಓಡಾಡುವ ಶ್ಯಾಡೋಯಿಂಗ್ ಅಂತೂ ಬಹುತೇಕ ಎಲ್ಲರೂ ಮಾಡಿರುತ್ತಾರೆ. ಮೆಡಿಕಲ್ ಸೀಟಿಗೆ ಇವೆಲ್ಲ ಬೇಕಾಗುತ್ತವೆ. ರೆಸಿಡೆನ್ಸಿಯ ಹೊತ್ತಿಗೆ ಶ್ಯಾಡೋಯಿಂಗ್ ಬಿದ್ದು ಹೋಗುತ್ತದೆ, ಏಕೆಂದರೆ ಅಷ್ಟರಲ್ಲಿ ಅವರು ಮೂರನೇ ವರ್ಷ ಕ್ಲರ್ಕ್‌ಶಿಪ್ ಎಂಬ ವಾರ್ಡ್ ತರಬೇತಿ ಮಾಡಿ, ನಾಲ್ಕನೇ ವರ್ಷ ಸಬ್ ಇಂಟರ್ನ್ ಆಗಿ, ರೋಗಿಯ ಜವಾಬ್ದಾರಿಯನ್ನೇ ಹೊತ್ತಿರುತ್ತಾರೆ. ಅಡುಗೆಯನ್ನು ಪಕ್ಕದಲ್ಲಿ ನಿಂತು ನೋಡಿದ್ದೀರಾ ಅಂತ ಅಡುಗೆ ಮಾಡಲು ಬಂದವರನ್ನು ಯಾರು ಕೇಳುತ್ತಾರೆ? ಆದರೆ ಎರಡು ವರ್ಷ ರಾತ್ರಿ ಪಾಳಿಯಲ್ಲಿ ಆಂಬ್ಯುಲೆನ್ಸ್ ಹತ್ತಿದವನು ಎಮರ್ಜೆನ್ಸಿ ಮೆಡಿಸಿನ್‌ಗೆ ಅರ್ಜಿ ಹಾಕಿದರೆ, ಆ ಸಾಲನ್ನು ನಾನು ನಿಂತು ಓದುತ್ತೇನೆ. ಅವನಿಗೆ ಈ ಕೆಲಸ ಏನು ಅಂತ ಗೊತ್ತು, ಗೊತ್ತಿದ್ದೂ ಬಂದಿದ್ದಾನೆ.

ಅಂದಹಾಗೆ, ಮೊದಲ ವರ್ಷವೇ ವಿದ್ಯಾರ್ಥಿಯನ್ನು ರೋಗಿಯ ಹತ್ತಿರ ಕಳಿಸುವುದು ಹೊಸ ವಿಚಾರವಲ್ಲ. ಮ್ಯಾಚ್ ಶುರುವಾದ ಅದೇ 1952ರಲ್ಲಿ ಓಹಾಯೋದ ಕ್ಲೀವ್‌ಲ್ಯಾಂಡ್‌ನಲ್ಲಿ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ ತನ್ನ ಪಾಠಕ್ರಮವನ್ನೇ ಒಡೆದು ಕಟ್ಟಿತು. ಮೊದಲ ವರ್ಷದ ಹುಡುಗರಿಗೆ ಒಂದೊಂದು ಕುಟುಂಬ ವಹಿಸುತ್ತಿದ್ದರು, ಸಾಮಾನ್ಯವಾಗಿ ಬಸುರಿ ಹೆಂಗಸು ಇರುವ ಕುಟುಂಬ. ಹೆರಿಗೆಯಾದ ಮೇಲೂ ಆ ತಾಯಿ ಮಗುವಿನ ಜೊತೆ ಸಂಪರ್ಕ ಇರಬೇಕು. ರೋಗ ಕಲಿಯುವ ಮುಂಚೆ ಮನುಷ್ಯರನ್ನು ನೋಡಲಿ ಅಂತ.

ನಮ್ಮಲ್ಲಿ ಇದು ನಿಯಮವಾಗಿದ್ದು 2019ರ ಬ್ಯಾಚಿನಿಂದ. ಹೊಸ ಪಾಠಕ್ರಮದಲ್ಲಿ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಮೂರಕ್ಕೂ ಅರ್ಲಿ ಕ್ಲಿನಿಕಲ್ ಎಕ್ಸ್‌ಪೋಷರ್ (ಶುರುವಿನಲ್ಲೇ ರೋಗಿಗಳ ಒಡನಾಟ) ಅಂತ ಗಂಟೆಗಳನ್ನೇ ಇಟ್ಟರು. 2021-22ರ ಬ್ಯಾಚಿನಿಂದ ಫ್ಯಾಮಿಲಿ ಅಡಾಪ್ಷನ್ ಕೂಡ ಬಂತು, ವಿದ್ಯಾರ್ಥಿ ಹಳ್ಳಿಯ ಕೆಲವು ಮನೆಗಳನ್ನು ವಹಿಸಿಕೊಂಡು ಓದು ಮುಗಿಯುವವರೆಗೂ ಅಲ್ಲಿಗೆ ಹೋಗಿ ಬರಬೇಕು. ತುಂಬಾ ಒಳ್ಳೆಯ ಯೋಜನೆ. ನಡೆಯುವುದು ಮಾತ್ರ ಕಾಲೇಜಿನಿಂದ ಕಾಲೇಜಿಗೆ ಬೇರೆ. ಕೆಲವು ಕಡೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ನಿಜವಾಗಿ ಮನೆ ಮನೆಗೆ ಬಿಡುತ್ತಾರೆ, ಇನ್ನು ಕೆಲವು ಕಡೆ ಹಾಸ್ಟೆಲಿನಲ್ಲಿ ಕೂತು ಸೀನಿಯರ್ ಲಾಗ್‌ಬುಕ್ ನೋಡಿ ಕಾಪಿ ಮಾಡುತ್ತಾರೆ. ಕಾಪಿ ಮಾಡಿದವರಿಗೆ ಐದು ವರ್ಷ ಆದ ಮೇಲೆ ಬರೆಯಲು ಏನೂ ಇರುವುದಿಲ್ಲ.

ಈಗ ಅಕ್ಕನ ಮಗಳ ಲಾಗ್‌ಬುಕ್‌ಗೆ ಬರುತ್ತೇನೆ. ಅವಳು ಮೊದಲು ಕಳಿಸಿದ ಬರಹ ಹೀಗಿತ್ತು: "ಮೊದಲ ವರ್ಷದಲ್ಲಿ ಆಸ್ಪತ್ರೆಯ ವಿವಿಧ ವಿಭಾಗಗಳಿಗೆ ಭೇಟಿ ನೀಡಿ, ರೋಗಿಗಳೊಂದಿಗೆ ಸಂವಹನ ನಡೆಸಿ, ಸಹಾನುಭೂತಿ ಮತ್ತು ತಂಡದ ಕೆಲಸವನ್ನು ಕಲಿತೆ." ಅರ್ಜಿ ಇಂಗ್ಲಿಷಿನಲ್ಲೇ ಇರುವುದು, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. ಇಂಥ ವಾಕ್ಯ ನಾನು ದಿನಕ್ಕೆ ನಲವತ್ತು ಸಲ ಓದುತ್ತೇನೆ. ಇದರಲ್ಲಿ ಅವಳು ಎಲ್ಲಿದ್ದಾಳೆ?

"ಒಂದು ರೋಗಿ ನೆನಪಿದ್ದಾರಾ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಲು ಶುರು ಮಾಡಿದಳು. ಫಿಸಿಯಾಲಜಿ ಪ್ರಾಕ್ಟಿಕಲ್‌ನಲ್ಲಿ ಆ ವಾರ ಹಿಮೋಗ್ಲೋಬಿನ್ ನೋಡುವುದು, ಸಾಹ್ಲಿಯ ಕೊಳವೆಯಲ್ಲಿ ರಕ್ತಕ್ಕೆ ಆ್ಯಸಿಡ್ ಸೇರಿಸಿ, ಹನಿ ಹನಿ ನೀರು ಬಿಟ್ಟು ಬಣ್ಣ ಹೊಂದಿಸುವುದು. ಅವರೇ ಬೆರಳು ಚುಚ್ಚಿಕೊಂಡು ನೋಡಿಕೊಂಡಿದ್ದರು. ಮಾರನೆಯ ದಿನ ಮೇಡಂ ಹತ್ತು ಜನರನ್ನು ಬಾಣಂತಿ ವಾರ್ಡಿನ ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಏಳು ತಿಂಗಳ ಬಸುರಿ ಒಬ್ಬರು ಮಂಚದ ತುದಿಯಲ್ಲಿ ಕೂತಿದ್ದರು. ಮೇಡಂ ಅವರ ಕೆಳ ರೆಪ್ಪೆ ಎಳೆದು ತೋರಿಸಿದರು, ಒಳಗೆ ಕೆಂಪೇ ಇಲ್ಲ, ಬಿಳಿ ಕಾಗದದ ಹಾಗೆ. ಹಿಮೋಗ್ಲೋಬಿನ್ ಆರಕ್ಕಿಂತ ಕಡಿಮೆ. ಸರ್ಕಾರದ ಕಬ್ಬಿಣದ ಮಾತ್ರೆ ಕೊಟ್ಟಿದ್ದರಂತೆ, ಸ್ಟ್ರಿಪ್ ದಿಂಬಿನ ಕೆಳಗೇ ಇತ್ತು, ಒಂದೂ ತೆಗೆದಿರಲಿಲ್ಲ. ಯಾಕಮ್ಮ ಅಂತ ಕೇಳಿದ್ದಕ್ಕೆ, "ಅತ್ತೆ ಬ್ಯಾಡ ಅಂದ್ರು, ಕೂಸು ಕರ್ರಗ ಹುಟ್ತದಂತ" ಅಂದರಂತೆ.

ಇವಳು ಮುಂದಿನ ವಾರ ಒಬ್ಬಳೇ ಮತ್ತೆ ಹೋದಳು. ಆ ಹೆಂಗಸು ಡಿಸ್ಚಾರ್ಜ್ ಆಗಿದ್ದರು. ಅಲ್ಲಿಗೆ ಬಿಡಲಿಲ್ಲ. ಕಮ್ಯುನಿಟಿ ಮೆಡಿಸಿನ್ ಪೋಸ್ಟಿಂಗ್ ಬಂದಾಗ ಆಶಾ ಕಾರ್ಯಕರ್ತೆಯ ಜೊತೆ ಮನೆಗಳಿಗೆ ಹೋಗಿ ಮಾತ್ರೆ ಎಣಿಸಿದಳು. ಇಂಟರ್ನ್‌ಶಿಪ್‌ನಲ್ಲಿ ಮೇಷ್ಟ್ರೊಬ್ಬರ ಮಾರ್ಗದರ್ಶನದಲ್ಲಿ, ಬಸುರಿಯರು ಮಾತ್ರೆ ಯಾಕೆ ಬಿಡುತ್ತಾರೆ ಅನ್ನುವುದರ ಮೇಲೆ ಒಂದು ಸಣ್ಣ ಅಧ್ಯಯನ ಮಾಡಿದಳು. ವಾಂತಿ, ಮಲ ಕಪ್ಪಗಾಗುವುದು, ಅತ್ತೆಯ ಮಾತು. ಇದೆಲ್ಲ ಅವಳ ಪಟ್ಟಿಯಲ್ಲಿ ಮೂರು ಬೇರೆ ಬೇರೆ ಕಡೆ, ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಬಿದ್ದಿತ್ತು!

ನಾವು ಮೂರನ್ನೂ ಸೇರಿಸಿ ಒಂದು ಮಾಡಿದೆವು. ಅದು ಅವಳ ಮೂರು ಮುಖ್ಯ ಅನುಭವಗಳಲ್ಲಿ ಮೊದಲನೆಯದಾಯಿತು. ಶುರುವಿನಲ್ಲೇ ದಿಂಬಿನ ಕೆಳಗಿನ ಸ್ಟ್ರಿಪ್. ಫ್ಯಾಮಿಲಿ ಮೆಡಿಸಿನ್ ಅಂದರೆ ಬಸುರಿಯನ್ನೂ ನೋಡಬೇಕು, ಮಗುವನ್ನೂ ನೋಡಬೇಕು, ಅತ್ತೆಯ ಜೊತೆಗೂ ಮಾತಾಡಬೇಕು. ಇವಳು ಯಾಕೆ ಆ ವಿಭಾಗ ಆರಿಸಿದಳು ಅಂತ ಬೇರೆ ವಿವರಣೆಯೇ ಬೇಡವಾಯಿತು. ಗಮನಿಸಿ, ಮೊದಲ ವರ್ಷದ ಆ ಒಂದು ಗಂಟೆಗೆ ತನ್ನದೇ ಬೆಲೆ ಇಲ್ಲ. ಮುಂದಿನ ಐದು ವರ್ಷದ ಕೆಲಸ ಅದಕ್ಕೆ ಬೆಲೆ ಕೊಟ್ಟಿತು.

ಇನ್ನು ಶಿಫಾರಸು ಪತ್ರ. ಆರಂಭದ ಅನುಭವ ನಿಜವಾಗಿ ಫಲ ಕೊಡುವುದು ಇಲ್ಲಿ, ಆದರೆ ಯಾರೂ ಇದನ್ನು ಮೊದಲೇ ಹೇಳಿಕೊಡುವುದಿಲ್ಲ. ಒಂದು ಪ್ರೋಗ್ರಾಮಿಗೆ ಹೆಚ್ಚೆಂದರೆ ನಾಲ್ಕು ಪತ್ರ ಕಳಿಸಬಹುದು. ಪತ್ರ ಬರೆಯುವವರು ಅದನ್ನು ನೇರವಾಗಿ ಅಪ್‌ಲೋಡ್ ಮಾಡುತ್ತಾರೆ, ಅದನ್ನು ನೋಡುವ ಹಕ್ಕನ್ನು ಅಭ್ಯರ್ಥಿ ಸಾಮಾನ್ಯವಾಗಿ ಬಿಟ್ಟುಕೊಟ್ಟಿರುತ್ತಾರೆ. ಒಳ್ಳೆಯ ಪತ್ರ ಮೊದಲ ಪ್ಯಾರಾದಲ್ಲೇ ಗೊತ್ತಾಗುತ್ತದೆ. "ಇವಳು ನನ್ನ ಜೊತೆ ನಾಲ್ಕು ವಾರ ಇದ್ದಳು, ಸಮಯಕ್ಕೆ ಸರಿಯಾಗಿ ಬರುತ್ತಿದ್ದಳು" ಅನ್ನುವುದು ಒಂದು ಪತ್ರ. "ರಾತ್ರಿ ಎರಡು ಗಂಟೆಗೆ ಪೊಟ್ಯಾಸಿಯಂ ರಿಪೋರ್ಟ್ ನೋಡಿ ಅನುಮಾನ ಬಂದು ಮತ್ತೆ ಸ್ಯಾಂಪಲ್ ಕಳಿಸಿದ್ದು ಇವಳೇ" ಅನ್ನುವುದು ಇನ್ನೊಂದು ಪತ್ರ. ಎರಡನೆಯದು ಬರೆಯಬೇಕಾದರೆ ಬರೆಯುವವರು ನಿಮ್ಮನ್ನು ನೋಡಿರಬೇಕು.

ನನ್ನದೇ ತಪ್ಪು ಹೇಳುತ್ತೇನೆ. ನಾನು ಅರ್ಜಿ ಹಾಕುವ ವರ್ಷ ಒಂದು ಏಜೆನ್ಸಿಗೆ ದುಡ್ಡು ಕಟ್ಟಿ ನಾಲ್ಕು ವಾರದ ಅಬ್ಸರ್ವರ್‌ಶಿಪ್ ಮಾಡಿದೆ. ಅಪ್ಪ ಅದಕ್ಕಾಗಿ ಸಾಲ ಮಾಡಿದ್ದರು. ಅಬ್ಸರ್ವರ್‌ಶಿಪ್ ಅಂದರೆ ಹೆಸರೇ ಹೇಳುವ ಹಾಗೆ ನೋಡುವುದು ಮಾತ್ರ, ರೋಗಿಯನ್ನು ಮುಟ್ಟುವ ಹಾಗಿಲ್ಲ, ಕೇಸ್ ಬರೆಯುವ ಹಾಗಿಲ್ಲ. ಕ್ಲಿನಿಕ್‌ನ ಒಂದು ಮೂಲೆಯಲ್ಲಿ ನಾವು ಐದು ಜನ ನಿಲ್ಲುತ್ತಿದ್ದೆವು. ಡಾಕ್ಟರಿಗೆ ಕೊನೆಯವರೆಗೂ ನನ್ನ ಹೆಸರು ಸರಿಯಾಗಿ ಬರಲಿಲ್ಲ. ಪತ್ರ ಸಿಕ್ಕಿತು, ನಿಜ. ನನಗೆ ಇಂಟರ್‌ವ್ಯೂ ಕೊಡಿಸಿದ್ದು ಮಾತ್ರ ಬೇರೆಯೇ ಪತ್ರ. ನಮ್ಮ ಕಾಲೇಜಿನ ಮೆಡಿಸಿನ್ ಪ್ರೊಫೆಸರ್ ಕೊಟ್ಟಿದ್ದು. ಎರಡನೇ ವರ್ಷದಿಂದ ಅವರ ಯೂನಿಟ್‌ನ ಹಿಂದೆ ಬಿದ್ದು, ಓಪಿಡಿ ಮುಗಿದ ಮೇಲೂ ಕೂತು ಕೇಸ್ ಪ್ರೆಸೆಂಟ್ ಮಾಡುತ್ತಿದ್ದೆ. ಇಂಟರ್‌ವ್ಯೂ ಮಾಡಿದವರು ಆ ಪತ್ರದಲ್ಲಿದ್ದ ಒಂದು ಘಟನೆಯನ್ನೇ ಹಿಡಿದು ಮಾತು ಶುರು ಮಾಡಿದರು.

ಅಂದಮಾತ್ರಕ್ಕೆ ಅಮೆರಿಕದ ಅನುಭವ ಬೇಡ ಅಂತಲ್ಲ. ಎಷ್ಟೋ ಪ್ರೋಗ್ರಾಮುಗಳು ಅದನ್ನು ಕೇಳುತ್ತವೆ, ಅಲ್ಲಿಯ ಡಾಕ್ಟರ ಪತ್ರಕ್ಕೆ ತೂಕ ಇದೆ, ಏಕೆಂದರೆ ಓದುವವರಿಗೆ ಅಲ್ಲಿಯ ವಾರ್ಡ್ ಹೇಗೆ ನಡೆಯುತ್ತದೆ ಗೊತ್ತು, ನಮ್ಮ ವಾರ್ಡ್ ಗೊತ್ತಿಲ್ಲ. ಆದರೆ ಅನುಭವದಲ್ಲೂ ಜಾತಿಗಳಿವೆ. ಕೈಯಾರೆ ಕೆಲಸ ಮಾಡುವ ಎಲೆಕ್ಟಿವ್ ಮೇಲೆ, ಬರೀ ನೋಡುವ ಅಬ್ಸರ್ವರ್‌ಶಿಪ್ ಕೆಳಗೆ. ಎಲೆಕ್ಟಿವ್ ಸಿಗುವುದು ವಿದ್ಯಾರ್ಥಿಯಾಗಿರುವಾಗ ಮಾತ್ರ. ಡಿಗ್ರಿ ಕೈಗೆ ಬಂದ ಮೇಲೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದ ಹಾಗೆ. ಅರ್ಲಿ ಅನ್ನುವ ಮಾತು ಅಕ್ಷರಶಃ ನಿಜವಾಗುವುದು ಇಲ್ಲೇ. ಮೂರನೇ ವರ್ಷದಲ್ಲೇ ಯೋಚನೆ ಮಾಡಿ, ಕಾಲೇಜಿನಿಂದ ಅನುಮತಿ, ಡೀನ್ ಸಹಿ, ಲಸಿಕೆಯ ದಾಖಲೆ, ವೀಸಾ ಎಲ್ಲ ಹೊಂದಿಸಿಕೊಳ್ಳಬೇಕು. ಕೆಲವು ಆಸ್ಪತ್ರೆಗಳು ಇಂಟರ್ನ್‌ಶಿಪ್‌ನಲ್ಲಿರುವವರನ್ನು ವಿದ್ಯಾರ್ಥಿ ಅಂತ ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ, ಅದನ್ನು ಮೊದಲೇ ಬರೆದು ಕೇಳಿ. ಅಕ್ಕನ ಮಗಳಿಗೆ ಇದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಅದು ಅವಳ ತಪ್ಪಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಅಂತ ನಾನು ಸುಮ್ಮನಿದ್ದೆ, ಆ ನೋವು ನನಗಿದೆ.

ಕರ್ನಾಟಕದವರಿಗೆ ಇನ್ನೊಂದು ವಿಷಯ. ಕಡ್ಡಾಯ ಗ್ರಾಮೀಣ ಸೇವೆ ಅಂತ ಪಿಎಚ್‌ಸಿಯಲ್ಲಿ ವರ್ಷ ಕಳೆದವರು ಅದನ್ನು ಅರ್ಜಿಯಲ್ಲಿ ಮುಜುಗರದಿಂದ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ, ಬಾಂಡ್ ಮುಗಿಸಿದೆ ಅನ್ನುವ ಹಾಗೆ. ಅಯ್ಯೋ, ಹಾಗೆ ಮಾಡಬೇಡಿ! ತಜ್ಞರಿಲ್ಲ, ಸ್ಕ್ಯಾನ್ ಇಲ್ಲ, ಸಂಜೆ ಆರಕ್ಕೆ ಹಾವು ಕಚ್ಚಿದವರು ಬಂದರೆ ನಿರ್ಧಾರ ನಿಮ್ಮದೇ. ಪಾಸಾಗಿ ವರ್ಷ ಜಾಸ್ತಿ ಆದಷ್ಟೂ ಹಲವು ಪ್ರೋಗ್ರಾಮುಗಳು ಹಿಂಜರಿಯುತ್ತವೆ, ಅದು ನಿಜ. ಆದರೆ ಆ ವರ್ಷ ಓದುತ್ತಾ ಮನೆಯಲ್ಲಿ ಕೂತವರಿಗಿಂತ ರೋಗಿ ನೋಡುತ್ತಾ ಕಳೆದವರ ಅರ್ಜಿ ಯಾವಾಗಲೂ ಗಟ್ಟಿ.

ಇಲ್ಲಿ ನಮ್ಮ ನೀಟ್ ಪಿಜಿ ನೆನಪಾಗುತ್ತದೆ. 200 ಪ್ರಶ್ನೆ, 800 ಅಂಕ, ಮೂರೂವರೆ ಗಂಟೆ. ಮೊದಲ ವರ್ಷದ ವಾರ್ಡಾಗಲಿ, ಲಾಗ್‌ಬುಕ್ಕಾಗಲಿ, ಇಂಟರ್ನ್‌ಶಿಪ್‌ನಲ್ಲಿ ನಿದ್ದೆಗೆಟ್ಟ ರಾತ್ರಿಗಳಾಗಲಿ ಸೊನ್ನೆ. ನಿಯಮದಲ್ಲಿ ಒಂದೇ ಒಂದು ಕಿಂಡಿ ಇದೆ. ದುರ್ಗಮ ಅಥವಾ ಗ್ರಾಮೀಣ ಪ್ರದೇಶದಲ್ಲಿ ಸರ್ಕಾರಿ ಸೇವೆ ಮಾಡಿದ ವೈದ್ಯರಿಗೆ ರಾಜ್ಯಗಳು ವರ್ಷಕ್ಕೆ ಶೇ 10ರಂತೆ, ಶೇ 30ರವರೆಗೆ, ಗಳಿಸಿದ ಅಂಕದ ಮೇಲೆ ಹೆಚ್ಚುವರಿ ಕೊಡಬಹುದು. ಒಂದೇ ಪರೀಕ್ಷೆಯ ಪದ್ಧತಿಯಲ್ಲಿ ಶಿಫಾರಸು, ಪರಿಚಯ ನಡೆಯುವುದಿಲ್ಲ, ಅದು ಅದರ ದೊಡ್ಡ ಗುಣ. ಹಳ್ಳಿಯ ಶಾಲೆಯಿಂದ ಬಂದ ಹುಡುಗಿಗೆ ಅದು ರಕ್ಷಣೆ. ಆದರೆ ಇದರ ಪರಿಣಾಮ ನಾನು ಕಣ್ಣಾರೆ ನೋಡಿದ್ದೇನೆ, ಇಂಟರ್ನ್‌ಗಳು ವಾರ್ಡ್ ಬಿಟ್ಟು ಲೈಬ್ರರಿಯಲ್ಲಿ ಪ್ರಶ್ನೆ ಬಿಡಿಸುತ್ತಿರುತ್ತಾರೆ, ಅವರನ್ನು ಬೈಯಲೂ ಆಗುವುದಿಲ್ಲ. ಹಾಗಂತ ಅಮೆರಿಕದ ಪದ್ಧತಿ ನ್ಯಾಯದ್ದು ಅಂತಲೂ ನಾನು ಹೇಳುವುದಿಲ್ಲ. ಅನುಭವ ಎಣಿಸುವ ಕಡೆ, ದುಡ್ಡು ಕೊಟ್ಟು ಅನುಭವ ಕೊಳ್ಳುವವರು ಇದ್ದೇ ಇರುತ್ತಾರೆ.

ಇಂಟರ್‌ವ್ಯೂ ಬಗ್ಗೆ ಒಂದು ಮಾತು. ಅರ್ಜಿಯಲ್ಲಿ ಬರೆದ ಯಾವ ಸಾಲಿನ ಮೇಲಾದರೂ ಪ್ರಶ್ನೆ ಬರಬಹುದು. ಆರು ವರ್ಷದ ಹಿಂದಿನ ಕ್ಯಾಂಪ್ ಹಾಕಿದ್ದರೆ ಅಲ್ಲಿ ನೀವು ಏನು ಮಾಡಿದಿರಿ, ಏನು ಎಡವಟ್ಟಾಯಿತು ಅಂತ ಕೇಳುತ್ತಾರೆ. ನೆನಪಿಲ್ಲದಿದ್ದರೆ ಮುಖದಲ್ಲೇ ಕಾಣುತ್ತದೆ. ಹೋಗದ ಕ್ಯಾಂಪನ್ನು ಹೋದೆ ಅಂತ ಬರೆದರೆ ಅದು ಇನ್ನೂ ದೊಡ್ಡ ಅಪಾಯ. ಹೊರದೇಶದ ವೈದ್ಯರಿಗೆ ಪ್ರಮಾಣಪತ್ರ ಕೊಡುವ ಇಸಿಎಫ್‌ಎಂಜಿ ಸುಳ್ಳು ಮಾಹಿತಿಯನ್ನು ಅಕ್ರಮ ನಡವಳಿಕೆ ಅಂತಲೇ ನೋಡುತ್ತದೆ, ಆ ದಾಖಲೆ ಅಭ್ಯರ್ಥಿಯ ಬೆನ್ನು ಬಿಡುವುದಿಲ್ಲ.

ಈಗ ಮೊದಲ, ಎರಡನೇ ವರ್ಷದಲ್ಲಿರುವವರಿಗೆ. ಅಮೆರಿಕಕ್ಕೆ ಹೋಗುತ್ತೀರೋ ಇಲ್ಲವೋ, ಅದು ಆಮೇಲೆ. ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ವಾರ್ಡಿಂದ ಬಂದ ದಿನ ನಾಲ್ಕು ಸಾಲು ಬರೆಯಿರಿ. ರೋಗಿಯ ಹೆಸರು ಬೇಡ, ಐಪಿ ನಂಬರ್ ಬೇಡ. ಏನು ನೋಡಿದಿರಿ, ಏನು ಅರ್ಥವಾಗಲಿಲ್ಲ, ಯಾರ ಹತ್ತಿರ ಕೇಳಿದಿರಿ, ಅಷ್ಟೇ. ಹತ್ತು ಕಡೆ ಒಂದೊಂದು ದಿನ ಹೋಗುವ ಬದಲು ಒಂದು ಕಡೆಗೆ ಹತ್ತು ಸಲ ಹೋಗಿ. ಅಲ್ಲಿಯ ಸಿಸ್ಟರ್‌ಗೆ ನಿಮ್ಮ ಮುಖ ಪರಿಚಯವಾಗಲಿ, ಯೂನಿಟ್ ಚೀಫ್‌ಗೆ ಹೆಸರು ಗೊತ್ತಾಗಲಿ.

ಅಕ್ಕನ ಮಗಳ ಪಟ್ಟಿಯಲ್ಲಿ ಕೊನೆಗೆ ಏಳು ಉಳಿದವು. ರಕ್ತದಾನ ಶಿಬಿರ, ಕಾಲೇಜು ಫೆಸ್ಟ್‌ನ ಹೆಲ್ತ್ ಸ್ಟಾಲ್, ಎರಡು ದಿನದ ಆನ್‌ಲೈನ್ ಕೋರ್ಸ್ ಎಲ್ಲ ಹೋದವು. "ಇನ್ನೂ ಮೂರು ಜಾಗ ಇದೆ ಚಿಕ್ಕಮ್ಮ, ಖಾಲಿ ಬಿಟ್ಟರೆ ಏನಾದರೂ ಅಂದುಕೊಳ್ಳಲ್ವಾ?" ಅಂತ ಎರಡು ಸಲ ಕೇಳಿದಳು. ಹತ್ತು ಅನ್ನುವುದು ಮಿತಿ, ಗುರಿ ಅಲ್ಲ ಅಂತ ಹೇಳಿದೆ. ಸೆಪ್ಟೆಂಬರಿನಲ್ಲಿ ಏಳನ್ನೇ ಇಟ್ಟು ಸಬ್ಮಿಟ್ ಮಾಡಿದಳು. ಲಾಗ್‌ಬುಕ್‌ಗೆ ಹೊಸ ಬೈಂಡ್ ಹಾಕಿಸಿದ್ದಾಳಂತೆ, ಇಂಟರ್‌ವ್ಯೂಗೆ ಮುಂಚೆ ಮತ್ತೆ ಓದಿಕೊಳ್ಳಲು.